ಕಾರವಾರದ ಕರಾವಳಿಯಲ್ಲಿ ಕಿರುಚಿತ್ರ ತೆಗೆಯುವವರಿಗೆ ಯಾವ ವಿಮೆ ಬೇಕು?

ಶಿರಸಿಯ ಏಳು ಮಂದಿ ಗೆಳೆಯರು ಸೇರಿ ನಲವತ್ತು ನಿಮಿಷದ ಚಿತ್ರವೊಂದನ್ನು ತೆಗೆಯಲಿದ್ದೀರಿ, ಕ್ಯಾಮೆರಾ ಮತ್ತು ಲೆನ್ಸ್‌ಗಳನ್ನು ಬೆಂಗಳೂರಿನಿಂದ ಬಾಡಿಗೆಗೆ ತರುತ್ತೀರಿ, ಮೇ ಕೊನೆಯ ವಾರದಿಂದ 12 ದಿನ ಯಾಣ, ಗೋಕರ್ಣ ಮತ್ತು ಕಾರವಾರದಲ್ಲಿ ಚಿತ್ರೀಕರಣವಿದೆ. ಏಜೆಂಟರೊಬ್ಬರು ಹೇಳಿದ ಪೂರ್ಣ ಫಿಲ್ಮ್ ಪ್ಯಾಕೇಜ್ ಪಾಲಿಸಿಯನ್ನು ಮಾಡಿಸಬೇಕೇ ಎಂದು ಕೇಳಿದ್ದೀರಿ. ಪೂರ್ಣ ಪ್ಯಾಕೇಜ್ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಖ್ಯ ನಟರು ಕಾಯಿಲೆ ಬಿದ್ದು ಚಿತ್ರೀಕರಣ ನಿಂತರೆ ಆಗುವ ನಷ್ಟ, ಹಾಕಿದ ಸೆಟ್ಟುಗಳಿಗೆ ಆಗುವ ಹಾನಿ ಮುಂತಾದವಕ್ಕೆ ವಿಮೆ ಮಾಡಿಸುವುದು ಕೋಟಿಗಳ ಲೆಕ್ಕದ ಚಿತ್ರಗಳಿಗೆ ಸರಿ. ನಿಮಗೆ ಬೇಕಾದದ್ದು ಮೂರು: ಬಾಡಿಗೆ ಸಲಕರಣೆಗೆ ಆಲ್ ರಿಸ್ಕ್ ವಿಮೆ (ಪಾಲಿಸಿಯಲ್ಲಿ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದ ಆಕಸ್ಮಿಕ ಹಾನಿಗಳಿಗೆಲ್ಲ ಪರಿಹಾರ ಕೊಡುವಂಥದ್ದು), ತಂಡದ ಎಲ್ಲರಿಗೂ ಗುಂಪು ಅಪಘಾತ ವಿಮೆ, ಹೊರಗಿನವರಿಗೆ ಅಥವಾ ಅವರ ಆಸ್ತಿಗೆ ಹಾನಿಯಾದರೆ ಪರಿಹಾರ ಕೊಡುವ ಸಾರ್ವಜನಿಕ ಹೊಣೆಗಾರಿಕೆ ವಿಮೆ. ಈ ಮೂರನ್ನೂ ನಮ್ಮ ಕರಾವಳಿಗೆ ಹೊಂದುವಂತೆ ಬರೆಸಿಕೊಳ್ಳುವುದರಲ್ಲೇ ಎಲ್ಲವೂ ಇದೆ.

ಹೊರಗಿನಿಂದ ಕಾರವಾರಕ್ಕೆ ಬರುವ ಚಿತ್ರತಂಡಗಳಿಗೆ ಸ್ಥಳ, ವಾಹನ, ಅನುಮತಿಗಳ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಮಾಜಾಳಿಯ ಆಚೆಗಿನ ತಿಳಮಾತಿ ಕಡಲತೀರದಲ್ಲಿ, ಎಳ್ಳಿನಂಥ ಆ ಕಪ್ಪು ಮರಳಿನ ಮೇಲೆ ಒಂದು ದೃಶ್ಯ ತೆಗೆಯುತ್ತಿದ್ದಾಗ, ಬಂಡೆಯ ಮೇಲೆ ಇಟ್ಟಿದ್ದ ಲೆನ್ಸ್ ಪೆಟ್ಟಿಗೆಯನ್ನು ಅಲೆಯೊಂದು ಮಗುಚಿ ಹಾಕಿತು. ಒರೆಸಿ ಒಣಗಿಸಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಮೂರನೆಯ ದಿನ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಲೋಹದ ಉಂಗುರದ ಸುತ್ತ ಸಣ್ಣ ಬಿಳಿ ಪುಡಿ ಎದ್ದಿತ್ತು. ಉಗುರಿನಿಂದ ಕೆರೆದರೆ ಅದರ ಕೆಳಗೆ ಹಸಿರುಗಟ್ಟಿದ ಕಲೆ. ಆ ತಂಡವು 14 ಲಕ್ಷ ರೂಪಾಯಿ ಬೆಲೆಯ ಸಲಕರಣೆಗೆ, ಪ್ರೀಮಿಯಂ ಉಳಿಸುವ ಸಲುವಾಗಿ, 7 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿತ್ತು. ಹಾನಿಯಾದದ್ದು ಸುಮಾರು 2 ಲಕ್ಷದಷ್ಟು, ವಿಮೆಯ ಮೊತ್ತದ ಒಳಗೇ ಇದೆ, ಆದ್ದರಿಂದ ಪೂರ್ತಿ ಬರುತ್ತದೆ ಎಂದು ಅವರು ನಂಬಿದ್ದರು, ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಿಜಬೆಲೆಯ ಅರ್ಧಕ್ಕೆ ವಿಮೆ ಮಾಡಿಸಿದವರಿಗೆ ಹಾನಿಯ ಅರ್ಧವಷ್ಟೇ ಸಿಗುತ್ತದೆ. ಪಾಲಿಸಿಯಲ್ಲಿ ಇದನ್ನು ಆವರೇಜ್ ಷರತ್ತು ಎನ್ನುತ್ತಾರೆ. ಹೀಗೆ 2 ಲಕ್ಷವು 1 ಲಕ್ಷವಾಯಿತು, ಅದರಲ್ಲಿ ನಾವೇ ಭರಿಸಬೇಕಾದ ಎಕ್ಸೆಸ್ ಮೊತ್ತವೂ ಕಳೆಯಿತು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಅಂದೇ ತಿಳಿಸದೆ ಮೂರು ದಿನ ಸುಮ್ಮನಿದ್ದುದರಿಂದ, ಇದು ಅಪಘಾತವಲ್ಲ, ಕ್ರಮೇಣ ಹಿಡಿದ ತುಕ್ಕು ಎಂಬ ವಾದ ಎದ್ದಿತು. ತುಕ್ಕು, ಸವೆತ, ನಿಧಾನವಾಗಿ ಆಗುವ ಕೆಡುಕು ಯಾವ ಆಲ್ ರಿಸ್ಕ್ ಪಾಲಿಸಿಯಲ್ಲೂ ಸಾಮಾನ್ಯವಾಗಿ ಸೇರುವುದಿಲ್ಲ. ಅಲೆ ಬಡಿದ ಕ್ಷಣದ ದೃಶ್ಯ ಇನ್ನೊಂದು ಕ್ಯಾಮೆರಾದಲ್ಲಿ ಅಚಾನಕ್ಕಾಗಿ ಸೆರೆಯಾಗಿದ್ದುದರಿಂದ ಮಾತ್ರ ಆ ಹಣ ಬಂತು.

ಆದ್ದರಿಂದ ಬಾಡಿಗೆ ಕೊಡುವವರಿಂದ ಪ್ರತಿಯೊಂದು ವಸ್ತುವಿನ ಕ್ರಮಸಂಖ್ಯೆ ಮತ್ತು ಇಂದು ಅದನ್ನೇ ಹೊಸದಾಗಿ ಕೊಳ್ಳಲು ತಗಲುವ ಬೆಲೆ ಇರುವ ಪಟ್ಟಿಯನ್ನು ಪಡೆದು, ಅಷ್ಟೂ ಮೊತ್ತಕ್ಕೆ ವಿಮೆ ಮಾಡಿಸಿ. ಅವರ ಬಳಿಯೇ ವಿಮೆ ಇದೆ ಎಂದರೆ ಸಮಾಧಾನಪಡಬೇಡಿ. ಅದು ಅವರ ಹಿತವನ್ನು ಕಾಯುವ ವಿಮೆ. ಕಂಪನಿಯು ಅವರಿಗೆ ಹಣ ಕೊಟ್ಟು, ತಪ್ಪು ನಿಮ್ಮದೆಂದಾದರೆ ಅದನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು. ಸಲಕರಣೆ ದುರಸ್ತಿಯಲ್ಲಿರುವ ದಿನಗಳ ಬಾಡಿಗೆಯನ್ನು ಯಾರು ಕೊಡಬೇಕು ಎಂಬುದನ್ನೂ ಬಾಡಿಗೆ ಪತ್ರದಲ್ಲಿ ನೋಡಿಕೊಳ್ಳಿ.

ಯಾಣದಲ್ಲಿ ವಾಹನ ನಿಲ್ಲಿಸಿ ಬಂಡೆಗಳವರೆಗೆ ನಡೆದೇ ಹೋಗಬೇಕು. ಕಾರಿನಲ್ಲಿ ಬಿಟ್ಟುಹೋದ ವಸ್ತು ಕಳುವಾದರೆ, ಬೀಗ ಒಡೆದ ಅಥವಾ ಗಾಜು ಪುಡಿಯಾದ ಗುರುತಿಲ್ಲದೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಒಬ್ಬರನ್ನು ವಾಹನದ ಬಳಿಯೇ ಇರಿಸಿ.

ದೋಣಿಯ ದೃಶ್ಯವಿದ್ದರೆ ಅದನ್ನು ಮೇ ತಿಂಗಳೊಳಗೇ ಮುಗಿಸಿಕೊಳ್ಳಿ, ಏಕೆಂದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಆಗ ದೋಣಿಗಳು ದಡ ಸೇರಿರುತ್ತವೆ, ಕಡಲೂ ಕೆರಳಿರುತ್ತದೆ. ಮೀನುಗಾರಿಕೆ ದೋಣಿಗೆ ವಿಮೆ ಇದ್ದರೂ ಅದರಲ್ಲಿ ಚಿತ್ರತಂಡವನ್ನು ಕೂರಿಸಿಕೊಳ್ಳುವುದು ಸಾಮಾನ್ಯವಾಗಿ ಸೇರಿರುವುದಿಲ್ಲ. ನಿಮ್ಮ ಗುಂಪು ಅಪಘಾತ ವಿಮೆಯಲ್ಲಿ ನೀರಿನ ಮೇಲಿನ ಚಿತ್ರೀಕರಣವೂ ಸೇರಿದೆ ಎಂದು ಬರವಣಿಗೆಯಲ್ಲೇ ಪಡೆಯಿರಿ. ಒಂದು ದಿನಕ್ಕೆಂದು ಬರುವ ಊರಿನ ಹುಡುಗರ, ಅಡುಗೆಯವರ ಹೆಸರೂ ಪಟ್ಟಿಯಲ್ಲಿರಲಿ. ಹಣ ಉಳಿಸಲೇಬೇಕಾದರೆ ಬೇರೆ ಎಲ್ಲಿಯಾದರೂ ಉಳಿಸಿ, ಇಲ್ಲಿ ಬೇಡ.

ಡ್ರೋನ್ ಹಾರಿಸುವುದಾದರೆ ಅದು ಬೇರೆಯೇ ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೋ ಡ್ರೋನ್‌ಗಳನ್ನು ಬಿಟ್ಟು ಉಳಿದವಕ್ಕೆ ಮೂರನೇ ವ್ಯಕ್ತಿ ವಿಮೆ ಬೇಕು. ಕಾರವಾರದ ಅರ್ಗಾದಲ್ಲಿ ನೌಕಾನೆಲೆಯಿದೆ, ಒಳಗೆ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವಿದೆ. ಅನುಮತಿಯಿಲ್ಲದ ಕಡೆ ಹಾರಿಸಿದರೆ ಕಾನೂನಿನ ತೊಂದರೆ ಮೊದಲನೆಯದು, ಕಾನೂನು ಮುರಿದು ಮಾಡಿದ ಹಾರಾಟದ ಹಾನಿಗೆ ವಿಮಾ ಕಂಪನಿಯೂ ಕೈಚೆಲ್ಲುತ್ತದೆ.

ಇನ್ನು ಮಳೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಂಥ ಸಂದರ್ಭದಲ್ಲಿ ನಿಮ್ಮ ಕ್ಯಾಮೆರಾಕ್ಕೆ ಏನೂ ಆಗದೆ, ತಂಡ ಮಾತ್ರ ಒಂದು ಕಡೆ, ಸ್ಥಳ ಇನ್ನೊಂದು ಕಡೆ ಉಳಿದರೆ, ಸಾಮಾನ್ಯ ಪಾಲಿಸಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಚಿತ್ರೀಕರಣ ನಿಂತು ಹೆಚ್ಚಾಗುವ ಖರ್ಚನ್ನು ತುಂಬಿಕೊಡುವ ಹೆಚ್ಚುವರಿ ವೆಚ್ಚದ ವಿಮೆ ಎಂಬುದು ಸಹ ಬಹುಮಟ್ಟಿಗೆ ವಿಮೆ ಮಾಡಿಸಿದ ವಸ್ತುವಿಗೆ ಹಾನಿಯಾದಾಗಲೇ ಜಾರಿಗೆ ಬರುತ್ತದೆ. ದಾರಿ ಮುಚ್ಚಿಹೋದದ್ದಕ್ಕೆ ಪ್ರತ್ಯೇಕ ಷರತ್ತು ಸೇರಿಸಿಕೊಳ್ಳಬೇಕು. ನಾನು ನಿಮ್ಮ ಜಾಗದಲ್ಲಿದ್ದರೆ ಆ ಷರತ್ತಿಗೆ ಹಣ ಸುರಿಯದೆ ಚಿತ್ರೀಕರಣವನ್ನೇ ನವೆಂಬರಿಗೆ ಮುಂದೂಡುತ್ತಿದ್ದೆ. ಅದು ಸಾಧ್ಯವಿಲ್ಲವೆಂದಾದರೆ ಎರಡು ದಿನಗಳ ಖರ್ಚನ್ನು ಎತ್ತಿಡಿ.

ಹಾರ್ಡ್ ಡಿಸ್ಕ್ ಕೆಟ್ಟರೆ ಡಿಸ್ಕಿನ ಬೆಲೆ ಸಿಗುತ್ತದೆ, ಅದರೊಳಗಿನ ದೃಶ್ಯಗಳ ಬೆಲೆ ಸಿಗುವುದಿಲ್ಲ. ಪ್ರತಿ ಸಂಜೆ ಎರಡು ಪ್ರತಿ ಮಾಡಿ, ಎರಡನ್ನೂ ಒಂದೇ ವಾಹನದಲ್ಲಿ ಇಡಬೇಡಿ.

ವಿಮೆಯ ಅವಧಿಯು ಚಿತ್ರೀಕರಣದ ಮೊದಲ ದಿನದಿಂದಲ್ಲ, ಸಲಕರಣೆ ಬೆಂಗಳೂರಿನಲ್ಲಿ ನಿಮ್ಮ ಕೈಗೆ ಬರುವ ದಿನದಿಂದ ಅದನ್ನು ಹಿಂದಿರುಗಿಸುವ ದಿನದವರೆಗೆ ಇರಬೇಕು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಸಂದಾಯವಾಗುವ ಮೊದಲು ಕಂಪನಿಯು ಹೊಣೆ ಹೊರುವಂತಿಲ್ಲ, ಆದ್ದರಿಂದ ಏಜೆಂಟರ ಬಾಯಿಮಾತಿನ ಮೇಲೆ ಬಸ್ ಹತ್ತಬೇಡಿ. ರಸೀದಿ ಕೈಗೆ ಬರಲಿ. ಏನಾದರೂ ಹಾನಿಯಾದರೆ ಅದೇ ದಿನ ಕಂಪನಿಗೆ ಲಿಖಿತವಾಗಿ ತಿಳಿಸಿ, ಕಳವಾದರೆ ಪೊಲೀಸ್ ದೂರು ಕೊಡಿ, ನೀರು ಹೊಕ್ಕ ಕ್ಯಾಮೆರಾವನ್ನು ಕೆಲಸ ಮಾಡುತ್ತದೆಯೇ ಎಂದು ನೋಡಲು ಆನ್ ಮಾಡಬೇಡಿ, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ದುರಸ್ತಿಗೂ ಕೊಡಬೇಡಿ.