ಒಲೆಯ ಬೆಂಕಿ ಬೆಳಗಿನವರೆಗೆ: ಹಸಿ ಕಟ್ಟಿಗೆಯ ಮಾತು ಬಿಡಿ

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ: ಒಲೆಯ ಬೆಂಕಿ ಬಹಳ ಹೊತ್ತು ನಿಲ್ಲುವಂತೆ ಮಾಡುವುದು ಹೇಗೆ? ಎಷ್ಟು ಸಲ ಉತ್ತರಿಸಿದರೂ ಹಸಿ ಕಟ್ಟಿಗೆಯ ಸಲಹೆ ಕೊಡುವವರು ಕಡಿಮೆಯಾಗಿಲ್ಲವಾದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಒಲೆ ಹೊತ್ತಿಸುವ ಬಗೆಯನ್ನು ಹೇಳುವುದಿಲ್ಲ; ಅದು ನಿಮ್ಮ ಮನೆಯ ಹಿರಿಯರಿಗೆ ಗೊತ್ತು.

ಪ್ರಶ್ನೆ: ಬಚ್ಚಲಲ್ಲಿ ನೀರು ಕಾಯಿಸಲು ಬಾಗಿಲು ಮತ್ತು ಹೊಗೆ ಕೊಳವೆಯಿರುವ ಕಬ್ಬಿಣದ ಒಲೆ ಹಾಕಿಸಿದ್ದೇವೆ. ತುಂಬ ಕಟ್ಟಿಗೆ ಒಟ್ಟಿದರೂ ಮುಕ್ಕಾಲು ತಾಸಿನಲ್ಲಿ ಉರಿದು ಹೋಗುತ್ತದೆ. ಅರ್ಧ ಹಸಿ ಕಟ್ಟಿಗೆ ಸೇರಿಸಿ ಕೊಳವೆ ಮುಚ್ಚಿದರೆ ಬೆಳಗಿನವರೆಗೆ ಬೆಂಕಿ ನಿಲ್ಲುತ್ತದೆ ಎಂದು ಒಲೆ ಮಾರಿದವರು ಹೇಳುತ್ತಾರೆ. ಹಾಗೆ ಮಾಡಬಹುದೇ? (ಗೋಕಾಕದ ಓದುಗರು)

ಉತ್ತರ: ಎರಡನ್ನೂ ಮಾಡಬೇಡಿ. ಆಗ ತಾನೇ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕಿಲೋ ಹಸಿ ಕಟ್ಟಿಗೆಯೊಳಗಿನ ಆ ಅರ್ಧ ಲೀಟರ್ ನೀರನ್ನು ಆವಿ ಮಾಡಲು ತಗಲುವ ಶಾಖದಲ್ಲಿ ಸುಮಾರು 4 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಹಸಿ ಕಟ್ಟಿಗೆ ಬಹಳ ಹೊತ್ತು ಉರಿದಂತೆ ಕಾಣುವುದು ನಿಜ. ಅಷ್ಟು ಹೊತ್ತೂ ಅದು ತನ್ನೊಳಗಿನ ನೀರನ್ನು ಕಾಯಿಸುತ್ತಿರುತ್ತದೆ, ನಿಮ್ಮ ಹಂಡೆಯ ನೀರನ್ನಲ್ಲ.

ಬಹಳ ಹೊತ್ತಿನ ಉರಿಗೆ ಬೇಕಾದದ್ದು ಒಣಗಿದ, ದಪ್ಪನೆಯ, ಭಾರವಾದ ಕಟ್ಟಿಗೆ. ನಮ್ಮ ಭಾಗದಲ್ಲಿ ಜಾಲಿ ಇದಕ್ಕೆ ಉತ್ತಮ, ಅದರ ಕೆಂಡ ಗಟ್ಟಿಯಾಗಿ ನಿಲ್ಲುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳು ಹೊತ್ತಿಸುವುದಕ್ಕಷ್ಟೇ ಸಾಕು. ಬೇಸಿಗೆಯಲ್ಲೇ ಸೀಳಿ, ಕರಿಮಣ್ಣಿಗೆ ತಾಗದಂತೆ ಎರಡು ಸಾಲು ಕಲ್ಲುಗಳ ಮೇಲೆ ಗಾಳಿಯಾಡುವ ಹಾಗೆ ಒಟ್ಟಿ, ಮಿರಗದ ಮಳೆ ಬೀಳುವ ಮೊದಲು ಮೇಲ್ಭಾಗವನ್ನು ಮಾತ್ರ ಮುಚ್ಚಿರಿ. ಒಣಗಿತೋ ಇಲ್ಲವೋ ಎಂದು ತಿಳಿಯಲು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ: ಒಣಗಿದ್ದು ಠಣ್ಣೆನ್ನುತ್ತದೆ, ಹಸಿಯದು ದಪ್ಪೆನ್ನುತ್ತದೆ. ಒಲೆಗಿಟ್ಟ ತುಂಡಿನ ತುದಿಯಲ್ಲಿ ಸುಂಯ್ ಎಂದು ನೊರೆಯುಕ್ಕಿದರೆ ಆ ಒಟ್ಟಿಲನ್ನು ಇನ್ನೂ ಮುಟ್ಟಬೇಡಿ.

ಇನ್ನು ಗಾಳಿಯ ವಿಷಯ. ಒಣ ಕಟ್ಟಿಗೆಯ ತೂಕದ ಮುಕ್ಕಾಲು ಪಾಲು ಮೊದಲು ಅನಿಲವಾಗಿ ಹೊರಬಂದು ಆಮೇಲೆ ಉರಿಯುತ್ತದೆ. ಹೊಗೆಯ ದಾರಿಯನ್ನೇ ಮುಚ್ಚಿದರೆ ಆ ಅನಿಲ ಉರಿಯದೆ ಕೊಳವೆಯೊಳಗೆ ಡಾಂಬರಿನಂಥ ಜಿಡ್ಡಾಗಿ ಕೂಡುತ್ತದೆ, ಮುಂದೊಂದು ದಿನ ಆ ಜಿಡ್ಡಿಗೇ ಬೆಂಕಿ ಹತ್ತುತ್ತದೆ. ಅದಕ್ಕಿಂತ ಕೆಟ್ಟದ್ದು ಮನೆಯೊಳಗೆ ಹಿಮ್ಮರಳುವ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದೊಮ್ಮೆ ಚಳಿಗೆಂದು ಕೆಂಡದ ಶೇಗಡಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಿದ ನಾನು ತಲೆ ಸಿಡಿಯುವ ನೋವಿನಿಂದ ಎದ್ದು, ಗೋಡೆ ಹಿಡಿದು ಅಂಗಳಕ್ಕೆ ಬಂದಿದ್ದೆ. ಅಂದಿನಿಂದ ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ.

ಆದ್ದರಿಂದ ಹೊಗೆಯ ದಾರಿ ತೆರೆದೇ ಇರಲಿ, ಒಳಬರುವ ಗಾಳಿಯನ್ನು ಮಾತ್ರ ತಗ್ಗಿಸಿ. ಕೆಂಡವನ್ನು ಮುಂದಕ್ಕೆಳೆದು, ಅದರ ಹಿಂದೆ ಎರಡು ಮೂರು ದಪ್ಪ ಸೀಳುಗಳನ್ನು ಒತ್ತೊತ್ತಾಗಿ ಇಡಿ. ಅಡ್ಡಡ್ಡ ಜೋಡಿಸಿದರೆ ನಡುವೆ ಗಾಳಿ ನುಗ್ಗಿ ಬೇಗ ಉರಿದುಬಿಡುತ್ತವೆ. ಹತ್ತು ಹದಿನೈದು ನಿಮಿಷ ಗಾಳಿಗಿಂಡಿಯನ್ನು ಪೂರ್ತಿ ತೆರೆದಿಟ್ಟು, ಎಲ್ಲ ಸೀಳುಗಳಿಗೂ ಬೆಂಕಿ ಹತ್ತಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕಿರಿದು ಮಾಡುತ್ತ ಬನ್ನಿ. ಕೊಳವೆಯ ತುದಿಯಲ್ಲಿ ದಟ್ಟ ಹೊಗೆ ಕಂಡರೆ ಅತಿಯಾಗಿ ಮುಚ್ಚಿದ್ದೀರಿ ಎಂದರ್ಥ. ಕಿಂಡಿ ಮುಚ್ಚಿದರೂ ಉರಿ ತಗ್ಗದಿದ್ದರೆ ಬಾಗಿಲು ಸಡಿಲವಾಗಿದೆ: ಒಲೆ ಆರಿದಾಗ ಹಳೆಯ ಪತ್ರಿಕೆಯ ಪಟ್ಟಿಯೊಂದನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡಿ, ಸಲೀಸಾಗಿ ಬಂದರೆ ಮೊದಲು ಆ ಸಂದಿಯನ್ನು ಸರಿಪಡಿಸಿ.

ಇಷ್ಟೆಲ್ಲ ಮಾಡಿದರೂ ಬಚ್ಚಲ ಒಲೆಯ ಸಣ್ಣ ಹೊಟ್ಟೆ ರಾತ್ರಿಯಿಡೀ ಉರಿಯದು. ನಿಮಗೆ ಬೇಕಾದದ್ದು ಬೆಳಗ್ಗೆ ಬಿಸಿನೀರು ತಾನೇ? ಹಂಡೆಗೆ ಬಿಗಿಯಾದ ಮುಚ್ಚಳ ಹಾಕಿಸಿ, ಸುತ್ತ ಇಟ್ಟಿಗೆ ಕಟ್ಟಿಸಿ.

ಪ್ರಶ್ನೆ: ಜಾತ್ರೆಯಲ್ಲಿ ಮಾರುವ ಪುಡಿ ಚಿಮುಕಿಸಿದರೆ ಕಟ್ಟಿಗೆ ಇಮ್ಮಡಿ ಹೊತ್ತು ಉರಿಯುತ್ತದೆಯೇ?

ಉತ್ತರ: ಇಲ್ಲ. ಕಟ್ಟಿಗೆಯಲ್ಲಿಲ್ಲದ ಶಾಖವನ್ನು ಯಾವ ಪುಡಿಯೂ ತಂದು ತುಂಬುವುದಿಲ್ಲ. ಅದನ್ನು ಮಾರುವವರು ನಿಮ್ಮನ್ನು ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಕುಳ್ಳನ್ನು ಹಳೆಯ ಎಂಜಿನ್ ಎಣ್ಣೆಯಲ್ಲಿ ಅದ್ದಿ ಸುಡಬಹುದೇ?

ಉತ್ತರ: ಬೇಡ, ಆ ಹೊಗೆ ವಿಷ. ಕುಳ್ಳು ಎಣ್ಣೆಯಿಲ್ಲದೆಯೇ ನಿಧಾನವಾಗಿ ಉರಿಯುತ್ತದೆ.

ಪ್ರಶ್ನೆ: ನಮ್ಮ ಮನೆಯ ಹಳೆಯ ಅಸ್ತ್ರ ಒಲೆಯನ್ನು ಕೆಡವಬೇಕೇ?

ಉತ್ತರ: ದಯವಿಟ್ಟು ಕೆಡವಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರದವರು ರೂಪಿಸಿದ ಒಲೆಯದು, ಕಟ್ಟಿಗೆ ಉಳಿಸುತ್ತದೆ. ಬೂದಿ ತೆಗೆಯಿರಿ, ಕೊಳವೆಯ ಮಸಿ ಕೆರೆಯಿರಿ, ಬಿರುಕಿಗೆ ಮಣ್ಣು ಮೆತ್ತಿರಿ. ದೊಡ್ಡ ತುಂಡು ತುರುಕಲೆಂದು ಅದರ ಬಾಯಿಯನ್ನು ಮಾತ್ರ ಒಡೆದು ಅಗಲ ಮಾಡಬೇಡಿ.