ಸಂಪಾದಕರ ಉತ್ತರ: ಇಪ್ಪತ್ತೆಂಟು ನಿಮಿಷದ ದುಃಖ

ಕುಮಟಾದಿಂದ ಪತ್ರ ಬರೆದಿರುವ, ಶಾಲೆಯ ನಿವೃತ್ತ ಅಕ್ಕೋರಿಗೆ ನಮಸ್ಕಾರಗಳು.

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ, ನಿಕ್ ಡ್ರೇಕ್ ಎಂಬ ಹಾಡುಗಾರನ 'ಪಿಂಕ್ ಮೂನ್' ಎಂಬ ಇಂಗ್ಲಿಷ್ ಹಾಡುಗಳ ಆಲ್ಬಮ್ಮಿನ ಪರಿಚಯಕ್ಕೆ ಬಂದಿರುವ ಏಕೈಕ ಪತ್ರ ನಿಮ್ಮದು. (ಅದೇ ಸಂಚಿಕೆಯ ಹಲಸಿನ ಹಪ್ಪಳದ ಲೇಖನಕ್ಕೆ ಹನ್ನೊಂದು ಪತ್ರಗಳು ಬಂದಿವೆ.) ನಾಲ್ಕು ಪುಟಗಳನ್ನೂ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟು ಇಲ್ಲಿ ಹೇಳುತ್ತೇನೆ. ಐವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಹುಡುಗನೊಬ್ಬ ಗಿಟಾರು ಹಿಡಿದು ಹಾಡಿದ ದುಃಖದ ಹಾಡುಗಳಿಗೆ ಕಡಲ ತಡಿಯ ಕನ್ನಡ ಪತ್ರಿಕೆ ಎರಡು ಪುಟ ಕೊಡಬೇಕಿತ್ತೇ ಎಂದು ಕೇಳಿದ್ದೀರಿ. ಮೊಮ್ಮಗನ ಮೊಬೈಲಿನಲ್ಲಿ ನೀವೇ ಕೇಳಿ ನೋಡಿ, ತಬಲವಿಲ್ಲ, ಪಿಟೀಲಿಲ್ಲ, ಯಾರೋ ಅಭ್ಯಾಸಕ್ಕೆ ಕೂತು ಅರ್ಧಕ್ಕೇ ಎದ್ದುಹೋದ ಹಾಗಿದೆ ಎಂದಿದ್ದೀರಿ. ಎಲ್ಲಕ್ಕಿಂತ ಹೆಚ್ಚಾಗಿ, ಇಪ್ಪತ್ತಾರನೆಯ ವಯಸ್ಸಿಗೇ, ಅದೂ ಸಹಜವಲ್ಲದ ರೀತಿಯಲ್ಲಿ ತೀರಿಕೊಂಡವನ ಹಾಡನ್ನು ಹುಬ್ಬಳ್ಳಿಯಿಂದ ರಜೆಗೆ ಬಂದ ಮೊಮ್ಮಗ ದಿನವಿಡೀ ಕಿವಿಗೆ ಸಿಕ್ಕಿಸಿಕೊಂಡು ಕೂತಿರುವಾಗ, ಪತ್ರಿಕೆಯವರು ಅದನ್ನೇ ಹೊಗಳಿ ಬರೆಯುವುದು ಸರಿಯೇ ಎಂದು ನೊಂದು ಕೇಳಿದ್ದೀರಿ.

ಉತ್ತರಕ್ಕೆ ಮೊದಲು ನಮ್ಮ ತಪ್ಪುಗಳನ್ನು ಒಪ್ಪಿಕೊಂಡುಬಿಡುತ್ತೇನೆ. ಇಡೀ ಆಲ್ಬಮ್ಮನ್ನು ಒಂದೇ ರಾತ್ರಿಯಲ್ಲಿ ಧ್ವನಿಮುದ್ರಿಸಿದರು ಎಂದು ನಮ್ಮ ಲೇಖನದಲ್ಲಿತ್ತು. 1971ರ ಅಕ್ಟೋಬರಿನಲ್ಲಿ, ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ, ಎರಡು ರಾತ್ರಿ ಕೂತು ಮಾಡಿದ ಕೆಲಸ ಅದು. ಒಳಗಿದ್ದವರು ಹಾಡುಗಾರ ನಿಕ್ ಡ್ರೇಕ್ ಮತ್ತು ಧ್ವನಿಮುದ್ರಣದ ಜಾನ್ ವುಡ್ ಇಬ್ಬರೇ. ಗಿಟಾರಿನ ಹೊರತು ಬೇರೆ ವಾದ್ಯವೇ ಇಲ್ಲ ಎಂದದ್ದೂ ತಪ್ಪು. ಮೊದಲ ಹಾಡಿನ ನಡುವೆ ಪಿಯಾನೋ ಕೆಲವೇ ಕ್ಷಣ ಕೇಳಿಸಿ ಮರೆಯಾಗುತ್ತದೆ. ಅದನ್ನೂ ಆತನೇ ನುಡಿಸಿ ಆಮೇಲೆ ಸೇರಿಸಿದ್ದು. ಆಲ್ಬಂ ಹೊರಬಂದದ್ದು 1972ರ ಫೆಬ್ರುವರಿಯಲ್ಲಿ. ಹನ್ನೊಂದು ಹಾಡುಗಳು, ಒಟ್ಟು ಇಪ್ಪತ್ತೆಂಟು ನಿಮಿಷ.

ಅರ್ಧಕ್ಕೆ ಬಿಟ್ಟಂತಿದೆ ಎಂಬ ನಿಮ್ಮ ಮಾತಿನ ಬಗ್ಗೆಯೇ ನನಗೆ ಹೆಚ್ಚು ಹೇಳುವುದಿದೆ, ಏಕೆಂದರೆ ಅದು ಕಿವಿ ಪಳಗಿದವರ ಮಾತು. ಮನೆಯಲ್ಲಿ ಹಾರ್ಮೋನಿಯಂ ಇದೆಯೆಂದು ಬರೆದಿದ್ದೀರಲ್ಲ, ಅದನ್ನು ಮುಂದಿಟ್ಟುಕೊಂಡು ಒಂದು ಪರೀಕ್ಷೆ ಮಾಡಿ ನೋಡಿ. ಗಿಟಾರಿನ ಆರು ತಂತಿಗಳನ್ನು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಇ ಎಂದು ಕೂಡಿಸುವುದು ಲೋಕರೂಢಿ. ಮೊದಲ ಹಾಡಿಗೆ ಡ್ರೇಕ್ ಅವನ್ನು ಬದಲಿಸಿ ಸಿ, ಜಿ, ಸಿ, ಎಫ್, ಸಿ, ಇ ಎಂದು ಕೂಡಿಸಿಕೊಂಡಿದ್ದಾನೆ. ಸಿ ಎಂಬುದನ್ನು ಷಡ್ಜವೆಂದು ಹಿಡಿದರೆ ಇದು ಸ, ಪ, ಸ, ಮ, ಸ, ಗ ಆಗುತ್ತದೆ. ದಪ್ಪ ತಂತಿಗಳು ಮೂರೂ ಸ-ಪ-ಸ! ಎರಡನೆಯ ಮೆಟ್ಟಿಲಿನ ಮೇಲೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಪಟ್ಟಿ) ಬಿಗಿದಿರುವುದರಿಂದ ಕೇಳಿಸುವ ಶ್ರುತಿ ಒಂದು ಸ್ವರ ಮೇಲೇರಿ ಹಾರ್ಮೋನಿಯಂನ ಬಿಳಿ ಎರಡಕ್ಕೆ ಬಂದು ನಿಲ್ಲುತ್ತದೆ. ಬಿಳಿ ಎರಡರ ಷಡ್ಜ ಪಂಚಮಗಳನ್ನು ಒತ್ತಿ ಹಿಡಿದು ಆ ಹಾಡನ್ನು ಇನ್ನೊಮ್ಮೆ ಕೇಳಿದರೆ, ಹೆಬ್ಬೆರಳು ಮತ್ತೆ ಮತ್ತೆ ಹೋಗಿ ತಟ್ಟುವ ಆ ದಪ್ಪ ತಂತಿಗಳು ತಂಬೂರಿಯ ಕೆಲಸವನ್ನೇ ಮಾಡುತ್ತಿರುವುದು ನಿಮಗೆ ತಿಳಿಯುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಬೇರೆಯದೇ ನಡೆ ಹಿಡಿದಿರುತ್ತವೆ, ಕಂಠವು ತಾಳದ ಪೆಟ್ಟಿಗೆ ಸರಿಯಾಗಿ ಬೀಳದೆ ಒಂದು ಎಳೆಯಷ್ಟು ಹಿಂದೆ ಉಳಿದು ಬರುತ್ತದೆ. ಶ್ರುತಿ, ಲಯ, ಸಾಹಿತ್ಯ ಮೂರನ್ನೂ ಒಬ್ಬನೇ ಹೊತ್ತಿರುವಾಗ ಪಕ್ಕವಾದ್ಯದ ಕೊರತೆ ನನಗಂತೂ ಕಾಣಲಿಲ್ಲ.

ಹಾಡಿಗೊಂದು ಶ್ರುತಿ ಬದಲಿಸುವ ಈ ಅಭ್ಯಾಸದಿಂದ ಆತನಿಗೆ ಆದ ನಷ್ಟವೂ ಕಡಿಮೆಯಲ್ಲ. ವೇದಿಕೆಯ ಮೇಲೆ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ತಲೆ ಬಗ್ಗಿಸಿಕೊಂಡು ತಂತಿ ತಿರುಪುತ್ತ ಕೂತುಬಿಡುತ್ತಿದ್ದನಂತೆ, ಸಭೆಯೊಡನೆ ಒಂದು ಮಾತಿಲ್ಲ, ಜನಕ್ಕೆ ತಾಳ್ಮೆ ಉಳಿಯುತ್ತಿರಲಿಲ್ಲ. ಕ್ರಮೇಣ ಕಛೇರಿಗಳನ್ನೇ ಬಿಟ್ಟ. ಬದುಕಿದ್ದಷ್ಟು ದಿನ ಆತನ ಮೂರು ಆಲ್ಬಮ್ಮುಗಳಲ್ಲಿ ಯಾವುದೂ ಹೇಳಿಕೊಳ್ಳುವಂತೆ ಮಾರಾಟವಾಗಲಿಲ್ಲ. 1999ರ ಕೊನೆಗೆ ಅಮೆರಿಕದ ಟಿವಿಯಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿಗೆ 'ಪಿಂಕ್ ಮೂನ್'ನ ಆ ಮೊದಲ ಹಾಡನ್ನು ಬಳಸಿಕೊಂಡ ಮೇಲೆಯೇ ಜನ ಅಂಗಡಿಗೆ ಹೋಗಿ ಹೆಸರು ಹಿಡಿದು ಕೇಳತೊಡಗಿದ್ದು. ನಿಮ್ಮ ಮೊಮ್ಮಗನವರೆಗೆ ಅದು ಬಂದು ಮುಟ್ಟಿದ ದಾರಿಯ ಮೊದಲ ತಿರುವು ಅದೇ ಇರಬೇಕು.

ಆತನ ಹಿಂದಿನ ಎರಡು ಆಲ್ಬಮ್ಮುಗಳಲ್ಲಿ, ಅಂದರೆ 1969ರ ಮತ್ತು 1971ರ ಮೊದಲ ಭಾಗದವುಗಳಲ್ಲಿ, ಪಿಟೀಲುಗಳ ಮೇಳವಿದೆ, ಎರಡನೆಯದರಲ್ಲಿ ಡ್ರಮ್ಮು, ಸ್ಯಾಕ್ಸೊಫೋನು ಎಲ್ಲವೂ ಇವೆ. ವಾದ್ಯಗಳು ಸಿಗದೆ ಹೀಗೆ ಹಾಡಿದ್ದಲ್ಲ. ಇದ್ದುದನ್ನು ಬೇಡವೆಂದು ಬದಿಗಿಟ್ಟು ಹಾಡಿದ್ದು. ಇದರ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ. ರಾತ್ರಿಯ ಯಕ್ಷಗಾನದ ಆಟದಲ್ಲಿ ಒಡ್ಡೋಲಗ, ಯುದ್ಧ ಎಲ್ಲ ಮುಗಿದು ಕರುಣದ ಪದ್ಯ ಬಂತೆಂದರೆ ಚೆಂಡೆಯವನು ಕೋಲು ಕೆಳಗಿಟ್ಟು ಸುಮ್ಮನಾಗುತ್ತಾನೆ, ಮದ್ದಲೆಯೊಂದೇ ಭಾಗವತರ ಹಿಂದೆ ಮೆಲ್ಲಗೆ ಬರುತ್ತದೆ. ಆಗ ಗದ್ದೆಯ ಬಯಲಿನಲ್ಲಿ ಚಾಪೆಯ ಮೇಲೆ ತೂಕಡಿಸುತ್ತಿದ್ದವರೂ ಎದ್ದು ಕೂರುವುದನ್ನು ನೀವೂ ಕಂಡಿರುತ್ತೀರಿ. ಅಂಕೋಲಾ ಬಡಗೇರಿಯ, ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಕಂಠವೊಂದರ ಬಲದಿಂದ. ಗದ್ದೆಯಲ್ಲಿ ಸಸಿ ನೆಡುತ್ತ ಹಾಲಕ್ಕಿ ಹೆಂಗಸರು ಹಾಡುವ ಪದಕ್ಕೆ ಯಾವ ಪಕ್ಕವಾದ್ಯವಿದೆ?

ಸಾಹಿತ್ಯದ ವಿಷಯದಲ್ಲಿಯೂ ಆತ ಹೀಗೆಯೇ ಜಿಪುಣ. 'ನೋ' ಎಂಬ ಹಾಡನ್ನು ನೋಡಿ. 'ತಿಳಿದುಕೋ' ಎಂಬರ್ಥದ ಆ ಒಂದೇ ಪದದಿಂದ ಶುರುವಾಗುವ ನಾಲ್ಕು ಸಾಲುಗಳು ಮಾತ್ರ ಅದರಲ್ಲಿವೆ. ಮೊದಲ ಸಾಲು ಪ್ರೀತಿಯನ್ನು ಹೇಳಿದರೆ ಎರಡನೆಯದು ತನಗೇನೂ ಅನ್ನಿಸುವುದಿಲ್ಲ ಎನ್ನುತ್ತದೆ. ಮೂರನೆಯದು ನಿನ್ನನ್ನು ನೋಡುತ್ತಿದ್ದೇನೆ ಎಂದರೆ ನಾಲ್ಕನೆಯದು ನಾನಿಲ್ಲಿ ಇಲ್ಲವೇ ಇಲ್ಲ ಎನ್ನುತ್ತದೆ. ಉಳಿದ ಹೊತ್ತೆಲ್ಲ ಬಾಯಿಮುಚ್ಚಿದ ಗುನುಗು, ಮತ್ತು ಗಿಟಾರಿನಲ್ಲಿ ಗಾಣದೆತ್ತಿನಂತೆ ಸುತ್ತಿ ಬರುವ ಒಂದೇ ಸ್ವರಗುಚ್ಛ. ನಾಲ್ಕು ಸಾಲುಗಳನ್ನು ಒಂದನ್ನೊಂದು ಅಳಿಸುವಂತೆ ಜೋಡಿಸಿಟ್ಟವನು ದುಃಖದಲ್ಲಿ ಮೈಮರೆತು ಬಾಯಿಗೆ ಬಂದದ್ದನ್ನು ಹಾಡಿದವನಲ್ಲ. ಎಲ್ಲ ಹಾಡುಗಳೂ ಈ ಮಟ್ಟದವಲ್ಲ ಎಂಬುದನ್ನೂ ಹೇಳಬೇಕು. 'ಹಾರ್ನ್' ಎಂಬ ಮಾತಿಲ್ಲದ ತುಣುಕು ನನಗೆ ಇವತ್ತಿಗೂ ಬೆರಳು ಬಿಸಿ ಮಾಡಿಕೊಂಡಂತೆಯೇ ಕೇಳಿಸುತ್ತದೆ, ಅಲ್ಲಿ ನಿಮ್ಮ ದೂರನ್ನು ಒಪ್ಪುತ್ತೇನೆ.

ಇಲ್ಲಿಗೆ, ಹಾಗೆ ತೀರಿಕೊಂಡವನ ಹಾಡನ್ನು ಹೊಗಳುವುದು ಸರಿಯೇ ಎಂಬ ನಿಮ್ಮ ಮೂರನೆಯ ಪ್ರಶ್ನೆಯ ಬಾಗಿಲಿಗೆ ಬಂದೆವು. ಅದಕ್ಕೆ ಉತ್ತರ ಹುಡುಕಲು ನಾನು ಇಂಗ್ಲೆಂಡಿಗೆ ಹೋಗುವುದಿಲ್ಲ, ಕಾರವಾರದಲ್ಲಿಯೇ ಸಿಗುತ್ತದೆ. ರವೀಂದ್ರನಾಥ ಟಾಗೋರರು 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಸಂಗತಿಯನ್ನು ನೀವು ಶಾಲೆಯಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೀರೋ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದು, ಅಳಿವೆಯಿಂದ ಮರಳಿನ ಮೇಲೆ ನಡೆದು ಮನೆ ಸೇರಿ, ನಿದ್ದೆ ಬಾರದೆ ಒಂದು ಕವಿತೆ ಬರೆದದ್ದನ್ನು ಅವರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ನಗರಸಭೆಯ ಫಲಕಗಳಲ್ಲಿ ಬರುವುದು ಇಷ್ಟೇ. ಅದರ ಬೆನ್ನಿಗೇ ಅವರು ಹೇಳಿದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಭಾವ ತುಂಬಿ ತುಳುಕುತ್ತಿರುವಾಗ ಬರೆದದ್ದು ಎಂಬ ಕಾರಣಕ್ಕೇ ಒಂದು ಬರಹ ಒಳ್ಳೆಯದಾಗಿಬಿಡುವುದಿಲ್ಲ, ಬರೆಯುವವನು ಭಾವದಿಂದ ಪೂರ್ತಿ ದೂರವಿದ್ದರೂ ಆಗದು, ತೀರ ಹತ್ತಿರವಿದ್ದರೂ ಆಗದು, ನೆನಪೇ ಸರಿಯಾದ ಬಣ್ಣ ಹಚ್ಚುವ ಕುಂಚ ಎಂಬುದು ಅವರ ಮಾತಿನ ತಾತ್ಪರ್ಯ. ತಮ್ಮದೇ ಕಾರವಾರದ ಕವಿತೆಯ ಬಗ್ಗೆ ಅವರಿಗಿದ್ದ ಅನುಮಾನ ಅದು.

ಇಪ್ಪತ್ತಮೂರರ ಡ್ರೇಕ್ ಆ ಎರಡು ರಾತ್ರಿಗಳಲ್ಲಿ ತನ್ನ ದುಃಖಕ್ಕೆ ಎಷ್ಟು ಹತ್ತಿರವಿದ್ದ ಎಂಬುದನ್ನು ಅಳೆಯಲು ನಮಗೆ ಬೇರೆ ಸಾಧನವಿಲ್ಲ, ಹಾಡುಗಳೇ ಸಾಕ್ಷಿ. ಅವುಗಳಲ್ಲಿ ಸ್ವರ ನಡುಗುವುದಿಲ್ಲ, ಬೆರಳು ತಪ್ಪುವುದಿಲ್ಲ, ಗಂಟಲು ಒಮ್ಮೆಯೂ ಏರುವುದಿಲ್ಲ. ಆತ ಖಿನ್ನತೆಯಿಂದ ಬಳಲುತ್ತಿದ್ದ, ವೈದ್ಯರ ಔಷಧಿಯೂ ನಡೆದಿತ್ತು, ಇದು ನಿಜ. ಆದರೆ ಆ ಕಾಯಿಲೆ ಈ ಹಾಡುಗಳನ್ನು ಕಟ್ಟಲಿಲ್ಲ. ಕಾಯಿಲೆಯ ನಡುವೆಯೂ ಕೈ ಹಿಡಿತದಲ್ಲಿದ್ದ ಹೊತ್ತಿನಲ್ಲಿ ಆತನೇ ಕಟ್ಟಿದ. ಕಾಯಿಲೆ ಹೆಚ್ಚಾದ ಮೇಲೆ ಆದದ್ದು ಹಾಡು ನಿಂತುಹೋದದ್ದು. ಆತ ತೀರಿಕೊಂಡದ್ದು ಆಲ್ಬಂ ಬಂದ ಎರಡೂಮುಕ್ಕಾಲು ವರ್ಷಗಳ ಮೇಲೆ, 1974ರ ನವೆಂಬರ್ 25ರಂದು. ಅದೇ ವರ್ಷ ಮತ್ತೆ ಸ್ಟುಡಿಯೋಕ್ಕೆ ಹೋಗಿ ಇನ್ನೂ ಕೆಲವು ಹಾಡುಗಳನ್ನು ಹಾಡಿಟ್ಟಿದ್ದ. ಅಂದಮೇಲೆ 'ಪಿಂಕ್ ಮೂನ್' ಆತನ ವಿದಾಯಪತ್ರವಲ್ಲ. ಅದನ್ನು ಹಾಗೆ ಓದುವಂತೆ ನಮ್ಮ ಲೇಖನದ ಕೊನೆಯ ಎರಡು ವಾಕ್ಯಗಳು ಸೂಚಿಸಿದ್ದವು. ಸಾವಿನ ನೆರಳಿನಿಂದ ಹಾಡಿಗೆ ಮೆರುಗು ಬಂದಿದೆ ಎಂಬಂಥ ಮಾತನ್ನು ಸಂಪಾದಕನಾಗಿ ನಾನು ಹೊಡೆದುಹಾಕಬೇಕಿತ್ತು, ಹಾಕಲಿಲ್ಲ. ನಿಮ್ಮ ಸಿಟ್ಟು ಆ ಎರಡು ವಾಕ್ಯಗಳ ಮೇಲಾದರೆ ಅದು ನ್ಯಾಯವಾದದ್ದು.

ಇನ್ನು ಮೊಮ್ಮಗನ ಮಾತು. ದುಃಖದ ಹಾಡು ಕೇಳುವವರೆಲ್ಲ ದುಃಖಿಗಳಲ್ಲ ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಹಾಗಿದ್ದರೆ ಚಂದ್ರಮತಿಯ ಪ್ರಲಾಪ ಕೇಳಿ ಬೆಳಗಿನ ಜಾವ ಮನೆಗೆ ಮರಳಿದ ನಮ್ಮ ಹಿರಿಯರಲ್ಲಿ ಒಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಿರಲಿಲ್ಲ. ಆದ್ದರಿಂದ ಹಾಡನ್ನು ಕಸಿದುಕೊಳ್ಳಬೇಡಿ. ಹುಡುಗ ಸರಿಯಾಗಿ ಉಣ್ಣುತ್ತಾನೆಯೇ, ರಾತ್ರಿ ನಿದ್ದೆ ಮಾಡುತ್ತಾನೆಯೇ, ಗೆಳೆಯರ ಫೋನು ಎತ್ತುತ್ತಾನೆಯೇ ಎಂಬುದನ್ನು ನೋಡಿ. ಇವು ಒಂದೆರಡು ವಾರ ತಪ್ಪಿದ್ದರೆ, ಅಥವಾ ಬದುಕಿನ ಬಗ್ಗೆ ಬೇಸರದ ಮಾತು ಅವನ ಬಾಯಿಂದ ಬಂದಿದ್ದರೆ, ನೇರವಾಗಿ ಕೂರಿಸಿಕೊಂಡು ಕೇಳಿ, ತಡಮಾಡದೆ ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಬೀಳುವುದಿಲ್ಲ. ಇವೆಲ್ಲ ಸರಿಯಿದ್ದರೆ ಅವನ ಪಕ್ಕ ಕೂತು ಆಲ್ಬಮ್ಮಿನ ಕೊನೆಯ ಹಾಡನ್ನು ಕೇಳಿ. ಅದು ಬೆಳಗಿನ ಹಾಡು. ಅದರದೊಂದು ಸಾಲನ್ನು ಆತನ ಊರಾದ ಟ್ಯಾನ್‌ವರ್ತ್-ಇನ್-ಆರ್ಡನ್‌ನ ಸಮಾಧಿಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಮೇಲೇಳುವ, ಎಲ್ಲೆಡೆ ಹರಡಿಕೊಳ್ಳುವ ಮಾತು ಅದರಲ್ಲಿದೆ.

ಕನ್ನಡ ಪತ್ರಿಕೆಗೆ ಇದು ಏಕೆ ಎಂಬ ಮೊದಲ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡೆ. ಡ್ರೇಕ್ ಹುಟ್ಟಿದ್ದು 1948ರಲ್ಲಿ ರಂಗೂನಿನಲ್ಲಿ. ತಂದೆ ಅಲ್ಲಿ ಸಾಗವಾನಿ ವ್ಯಾಪಾರದ ಬಾಂಬೆ ಬರ್ಮಾ ಕಂಪನಿಯ ಎಂಜಿನಿಯರು. ಸಾಗವಾನಿಯ ಹೆಸರೆತ್ತಿದರೆ ದಾಂಡೇಲಿ, ಹಳಿಯಾಳದವರು ಕಿವಿ ನಿಮಿರಿಸಬಹುದು, ಆದರೆ ಅಂಥ ನಂಟುಗಳನ್ನು ನಾನು ಕಾರಣವೆಂದು ಹೇಳುವುದಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಆತನ ತಾಯಿ, ಮಾಲಿ ಡ್ರೇಕ್. ಯುದ್ಧಕಾಲದಲ್ಲಿ ಬರ್ಮಾ ಬಿಟ್ಟು ದಿಲ್ಲಿಗೆ ಬಂದಿದ್ದ ಆಕೆ ಸಹೋದರಿಯೊಡನೆ ಅಲ್ಲಿಯ ಆಕಾಶವಾಣಿಯಲ್ಲಿ ಹಾಡಿದ್ದಳು. ಆಮೇಲೆ ಇಂಗ್ಲೆಂಡಿನ ಮನೆಯಲ್ಲಿ ಪಿಯಾನೋದ ಮುಂದೆ ಕೂತು ತಾನೇ ಕಟ್ಟಿದ ಮಂದ ದುಃಖದ ಹಾಡುಗಳನ್ನು ಯಾರಿಗೂ ಅಲ್ಲದಂತೆ ಹಾಡಿಕೊಳ್ಳುತ್ತಿದ್ದಳು. ಗಂಡ ಅವನ್ನು ಮನೆಯಲ್ಲಿಯೇ ಟೇಪಿಗೆ ಹಿಡಿದಿಟ್ಟ. ಆಕೆ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಅವು ಹೊರಬಂದಾಗ, ಮಗನ ಹಾಡಿನ ನಡೆ ಎಲ್ಲಿಂದ ಬಂತೆಂಬುದು ಕೇಳಿದವರಿಗೆಲ್ಲ ತಿಳಿಯಿತು. ಟೇಪು ಇಲ್ಲದೆ ಹೋಗಿದ್ದರೆ ತಿಳಿಯುತ್ತಿರಲಿಲ್ಲ.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಶಿರಸಿ ಕಡೆಯ ತವರುಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ತಾಯಿ ಮೆಟ್ಟುಗತ್ತಿಯ ಮುಂದೆ ಕೂತು ಹಾಡುತ್ತಿದ್ದ ಪದವೊಂದರ ಎರಡು ನುಡಿಗಳನ್ನು ಬರೆದು, ಇದಲ್ಲವೇ ದುಃಖದ ಹಾಡು ಎಂದು ನನಗೆ ಸವಾಲು ಹಾಕಿದ್ದೀರಿ. ಹೌದು, ಅದೇ. ನಾನು ವಿಚಾರಿಸಿದ ಇಬ್ಬರು ಹಿರಿಯರಿಗೂ ಆ ಪದ ಗೊತ್ತಿರಲಿಲ್ಲ. ಮುಂದಿನ ನುಡಿಗಳು ನೆನಪಿದ್ದರೆ ದಯವಿಟ್ಟು ಬರೆದು ಕಳಿಸಿ, ದೀಪಾವಳಿ ಸಂಚಿಕೆಯಲ್ಲಿ ಹಾಕುತ್ತೇವೆ. ಧಾಟಿ ಕಾಗದದ ಮೇಲೆ ಬರುವುದಿಲ್ಲವಾದ್ದರಿಂದ, ಮೊಮ್ಮಗನಿಗೆ ಹೇಳಿ ಅವನ ಮೊಬೈಲಿನಲ್ಲಿ ನಿಮ್ಮ ಧ್ವನಿಯಲ್ಲಿಯೇ ಮುದ್ರಿಸಿ ಕಳಿಸಿದರೆ ಇನ್ನೂ ಉಪಕಾರವಾದೀತು, ಹಾರ್ಮೋನಿಯಂ ಬೇಡ.

— ಸಂ.