ದಿನಾ ಆಫೀಸಿಗೂ ಓಡಬೇಕು, ಡ್ರ್ಯಾಗ್ ರೇಸಿಗೂ ಹೋಗಬೇಕು: ಒಂದೇ ಕಾರಿಗೆ ಯಾವ ಕ್ಲಚ್ ಹಾಕಿಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೋ ಪೆಟ್ರೋಲ್, ಐದು ಗೇರ್. ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ) ಎಕ್ಸಾಸ್ಟ್ ಬದಲಿಸಿದ್ದೀರಿ, ಟಾರ್ಕ್, ಅಂದರೆ ಎಂಜಿನ್ನಿನ ತಿರುಚುಬಲ, ಈಗ ಸುಮಾರು 280 ನ್ಯೂಟನ್ ಮೀಟರ್. ವಾರವಿಡೀ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವುದೂ ಇದೇ ಕಾರಿನಲ್ಲಿ, ಲೋನಾವಳ ಹತ್ತಿರದ ಆಂಬಿ ವ್ಯಾಲಿ ರನ್‌ವೇ ಮೇಲೆ ಡ್ರ್ಯಾಗ್ ರೇಸಿನ ಕಾಲು ಮೈಲಿ ನೇರ ಓಟ ಓಡಿಸಬೇಕು ಅಂತಿರುವುದೂ ಇದನ್ನೇ. ಮೂರನೇ, ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಏರುತ್ತದೆ, ಸ್ಪೀಡ್ ಏರುವುದಿಲ್ಲ. ಗ್ಯಾರೇಜಿನವರು ಆರು ಪ್ಯಾಡಿನ ಸೆರಾಮಿಕ್ ಕ್ಲಚ್ ಹಾಕಿಸಿ ಅಂದಿದ್ದಾರೆ. ಹಾಕಿಸಬೇಕಾ?

ಬೇಡ. ಒಂದು ಸಲ ನಾನು ಅದೇ ಹಾದಿ ಹಿಡಿದಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಆದರೆ ಸುಮ್ಮನೆ ಬೇಡ ಅಂದರೆ ನಿಮಗೆ ಉಪಯೋಗವಿಲ್ಲ, ಲೆಕ್ಕದಿಂದಲೇ ಶುರು ಮಾಡೋಣ.

ಕ್ಲಚ್ ಕೊಳ್ಳುವಾಗ ಹಾರ್ಸ್‌ಪವರ್ ಮರೆತುಬಿಡಿ, ಕ್ಲಚ್ಚಿಗೆ ಗೊತ್ತಿರುವುದು ಟಾರ್ಕ್ ಒಂದೇ. ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆ, ಗೇರ್‌ಬಾಕ್ಸ್ ಕಡೆಯ ಕ್ಲಚ್ ಪ್ಲೇಟನ್ನು ಪ್ರೆಶರ್ ಪ್ಲೇಟ್ ಒತ್ತಿ ಹಿಡಿಯುತ್ತದೆ. ಅದು ಎಷ್ಟು ಟಾರ್ಕ್ ಹಿಡಿಯುತ್ತದೆ ಅನ್ನುವುದು ಹೈಸ್ಕೂಲ್ ಫಿಸಿಕ್ಸ್: ಘರ್ಷಣಾಂಕ, ಪ್ರೆಶರ್ ಪ್ಲೇಟ್ ಒತ್ತುವ ಬಲ, ಕ್ಲಚ್ ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ, ಈ ನಾಲ್ಕರ ಗುಣಾಕಾರ. ಹೊರವ್ಯಾಸ 228 ಮಿ.ಮೀ., ಒಳವ್ಯಾಸ 150 ಮಿ.ಮೀ. ಇರುವ ಪ್ಲೇಟ್ ಅಂತಿಟ್ಟುಕೊಳ್ಳಿ, ಸರಾಸರಿ ತ್ರಿಜ್ಯ 94.5 ಮಿ.ಮೀ. ಪ್ರೆಶರ್ ಪ್ಲೇಟ್ 5500 ನ್ಯೂಟನ್ ಬಲದಿಂದ ಒತ್ತುತ್ತದೆ, ಅಂದರೆ ಸುಮಾರು 560 ಕೆ.ಜಿ. ಭಾರ. ಆರ್ಗ್ಯಾನಿಕ್ ಲೈನಿಂಗಿನ (ಮಾಮೂಲಿ ಕಾರುಗಳ ಕ್ಲಚ್ ಪ್ಲೇಟಿನ ಮೇಲಿರುವ ಉಜ್ಜುವ ಪದರ) ಘರ್ಷಣಾಂಕ 0.3, ಮೈಗಳು ಎರಡು. ಉತ್ತರ 312 ನ್ಯೂಟನ್ ಮೀಟರ್. ನಿಮ್ಮ 280ಕ್ಕೆ ಸಾಲುತ್ತದಲ್ಲ ಅನಿಸುತ್ತದೆ. ಆದರೆ ಲೈನಿಂಗ್ ಕಾದು ಘರ್ಷಣಾಂಕ 0.25ಕ್ಕೆ ಇಳಿಯಲಿ, ಅದೇ ಕ್ಲಚ್ ಹಿಡಿಯುವುದು 260 ಮಾತ್ರ. ಬೆಳಿಗ್ಗೆ ತಣ್ಣಗಿರುವಾಗ ಸರಿಯಿದ್ದ ಕಾರು ಮೂರನೇ ರನ್ನಿನಲ್ಲಿ ಜಾರಲು ಶುರುವಾಗುವುದು ಹೀಗೆ. ಒಮ್ಮೆ ಜಾರಿತೋ, ಇನ್ನೂ ಕಾಯುತ್ತದೆ, ಕಾದಷ್ಟೂ ಇನ್ನೂ ಜಾರುತ್ತದೆ.

ಈಗ ಪ್ಲೇಟ್ ಅದೇ ಇರಲಿ, ಒತ್ತುವ ಬಲ ಮಾತ್ರ ಶೇ 20 ಹೆಚ್ಚಿಸಿ, 6600 ನ್ಯೂಟನ್. ತಣ್ಣಗಿದ್ದಾಗ 374, ಕಾದಾಗಲೂ 312. ನಿಮ್ಮ ಎಂಜಿನ್ ಕೊಡುವುದು 280. ಸೆರಾಮಿಕ್ ಇಲ್ಲದೆಯೇ ಕೆಲಸ ಮುಗಿಯಿತು. ಪೆಡಲ್ ಸ್ವಲ್ಪ ಗಟ್ಟಿಯಾಗುತ್ತದೆ ನಿಜ, ಎರಡು ವಾರದಲ್ಲಿ ಕಾಲಿಗೆ ಅಭ್ಯಾಸವಾಗಿಬಿಡುತ್ತದೆ. ಹಾಗಂತ ಬಲವನ್ನು ದುಪ್ಪಟ್ಟು ಮಾಡಿಸಲು ಹೋಗಬೇಡಿ. ಪೆಡಲ್ ಒತ್ತಿದಾಗಲೆಲ್ಲ ಆ ಬಲದ ಒಂದು ಪಾಲು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿಕೊಂಡೇ ನಿಲ್ಲುವ ಅಭ್ಯಾಸವಿದ್ದರಂತೂ ಅದು ಬೇಗ ಸವೆಯುತ್ತದೆ.

ಮೇಲಿನ ಲೆಕ್ಕದಲ್ಲಿ ಲೈನಿಂಗಿನ ವಿಸ್ತೀರ್ಣ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಅದಕ್ಕೇ ಸೆರಾಮಿಕ್ ಕ್ಲಚ್ಚಿನಲ್ಲಿ ಪೂರ್ತಿ ಉಂಗುರದ ಬದಲು ನಾಲ್ಕೋ ಆರೋ ತುಂಡು ಇದ್ದರೂ ಅದು ಹೆಚ್ಚು ಹಿಡಿಯುತ್ತದೆ. ಅದರ ಘರ್ಷಣಾಂಕ ಜಾಸ್ತಿ, ಬಿಸಿಯನ್ನೂ ತಡೆಯುತ್ತದೆ. ಬೆಲೆ ತೆರುವುದು ಬೇರೆ ಕಡೆ. ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ ಜಾಗವೇ ಇರುವುದಿಲ್ಲ.

ನನ್ನ ಹಳೇ ಟರ್ಬೋ ಪೆಟ್ರೋಲ್ ಕಾರಿಗೆ ನಾಲ್ಕು ಪ್ಯಾಡಿನದನ್ನು ಹಾಕಿಸಿದ್ದೆ, ಅದೂ ನಡುವೆ ಏಟು ತಡೆಯುವ ಸ್ಪ್ರಿಂಗ್ ಇಲ್ಲದ ಸಾಲಿಡ್ ಹಬ್. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತುವ ಇಳಿಜಾರಿನಲ್ಲಿ, ಸಂಜೆ ಏಳು ಗಂಟೆಗೆ, ಮುಂದಿನ ಗಾಡಿ ಎರಡು ಮೀಟರ್ ಸರಿದಾಗಲೆಲ್ಲ ನಾನೂ ಎರಡು ಮೀಟರ್ ಸರಿಯಬೇಕು. ಪೆಡಲ್ ಮೇಲೆ ಬರುತ್ತದೆ, ಏನೂ ಆಗುವುದಿಲ್ಲ, ಇನ್ನೊಂದು ಕೂದಲೆಳೆಯಷ್ಟು ಬಿಟ್ಟರೆ ಇಡೀ ಕಾರು ಗಡಗಡ ನಡುಗಿ ಮುಂದಕ್ಕೆ ಹಾರುತ್ತದೆ. ಡ್ಯಾಶ್‌ಬೋರ್ಡಿನಿಂದ ಹಿಡಿದು ನಂಬರ್ ಪ್ಲೇಟಿನವರೆಗೆ ಎಲ್ಲವೂ ಸದ್ದು ಮಾಡುತ್ತಿತ್ತು. ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋದ ದಿನ ಅವರು ಡೋರ್ ಹಿಡಿಯನ್ನು ಬಿಡಲೇ ಇಲ್ಲ. ಆರು ತಿಂಗಳು ತಡೆದುಕೊಂಡೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ರನ್‌ವೇ ಮೇಲೆ. ಮಾಮೂಲಿ ಟೈರ್ ಇದ್ದಷ್ಟು ದಿನ ಚಕ್ರ ಸುಮ್ಮನೆ ತಿರುಗಿಬಿಡುತ್ತಿತ್ತು, ಯಾವ ಭಾಗಕ್ಕೂ ಏಟಾಗಲಿಲ್ಲ. ಮೆತ್ತನೆ ರಬ್ಬರಿನ ಡ್ರ್ಯಾಗ್ ಟೈರ್ ಹಾಕಿದ ಮೊದಲ ದಿನ, ಎರಡನೇ ಲಾಂಚಿಗೇ (ನಿಂತಲ್ಲಿಂದ ಜೋರಾಗಿ ಹೊರಡುವಾಗಲೇ) ಟಪ್ ಅಂತ ಒಂದು ಶಬ್ದ. ಎಂಜಿನ್ ಕೂಗುತ್ತಿದೆ, ಕಾರು ನಿಂತಲ್ಲೇ ನಿಂತಿದೆ. ಕೆಳಗೆ ಇಣುಕಿದರೆ ಬಲಗಡೆಯ ಚಕ್ರ ತಿರುಗಿಸುವ ದಂಡ, ಡ್ರೈವ್‌ಶಾಫ್ಟ್, ತುದಿಯ ಹಲ್ಲುಗಳ (ಸ್ಪ್ಲೈನ್) ಹತ್ತಿರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ತುಂಡಾಗಿತ್ತು. ತಪ್ಪು ಶಾಫ್ಟಿನದಲ್ಲ, ನನ್ನ ಆಯ್ಕೆಯದು. ಟೈರ್ ಜಾರದು, ಕ್ಲಚ್ಚೂ ಜಾರದು ಅಂದಮೇಲೆ ಮುರಿಯುವ ಸರದಿ ನಡುವಿನದ್ದಕ್ಕೆ ಬರುತ್ತದೆ.

ನಿಮ್ಮ ಕಾರಿಗೆ ಇದು ಇನ್ನೂ ಮುಖ್ಯ. ಆ ಐದು ಗೇರಿನ ಗೇರ್‌ಬಾಕ್ಸಿನಲ್ಲಿ, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ಲಿನ ರಿಂಗ್ ಗೇರನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಜೋರಾದ ಲಾಂಚುಗಳಲ್ಲಿ ರಿವೆಟ್ ಕಿತ್ತು ಬಂದರೆ ಗೇರ್‌ಬಾಕ್ಸಿನ ಕವಚವನ್ನೇ ಒಳಗಿನಿಂದ ಒಡೆದುಬಿಡಬಲ್ಲದು. ರಿವೆಟ್ ತೆಗೆದು ಬೋಲ್ಟ್ ಹಾಕುವ ಕಿಟ್ ಸಿಗುತ್ತದೆ, ಡ್ರ್ಯಾಗ್ ಬಗ್ಗೆ ನಿಜಕ್ಕೂ ಮನಸ್ಸಿದ್ದರೆ ಮುಂದೆ ಮಾಡಿಸಿ. ಅಲ್ಲಿಯವರೆಗೆ ಕೆಟ್ಟ ಲಾಂಚ್ ಆದಾಗ ಸ್ವಲ್ಪ ಜಾರಿ ಗೇರ್‌ಬಾಕ್ಸನ್ನು ಉಳಿಸುವ ಕ್ಲಚ್ಚೇ ನಿಮಗೆ ಬೇಕು. ಮನೆಯ ಫ್ಯೂಸ್ ಹಾರಿದರೆ ವೈರಿಂಗ್ ಉಳಿಯುತ್ತದಲ್ಲ, ಹಾಗೆ. ಟೈರ್ ಹಿಡಿಯಲೆಂದು ಅಂಟು ಬಳಿಯದ ರನ್‌ವೇಯಲ್ಲಿ ಮಾಮೂಲಿ ಟೈರಿನ ಫ್ರಂಟ್ ವೀಲ್ ಡ್ರೈವ್ ಕಾರಿಗೆ ಕಟುವಾದ ಕ್ಲಚ್ಚಿನಿಂದ ಸಮಯವೂ ಕಡಿಮೆಯಾಗುವುದಿಲ್ಲ, ಬರೀ ಹೊಗೆ.

ಬಿಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಕ್ಲಚ್ಚುಗಳು ಸಾಯುವುದು ಇಲ್ಲೇ. ಎಂಜಿನ್ ವೇಗವನ್ನು ಒಂದೇ ಸಮ ಇಟ್ಟುಕೊಂಡು ಕ್ಲಚ್ ಬಿಟ್ಟರೆ, ಅದು ಪೂರ್ತಿ ಕೂಡಿಕೊಳ್ಳುವ ಹೊತ್ತಿಗೆ ಕಾರಿಗೆ ಎಷ್ಟು ಚಲನಶಕ್ತಿ ಬಂದಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಬಿಸಿಯಾಗಿ ಉಳಿಯುತ್ತದೆ. ಟ್ರಾಫಿಕ್ಕಿನಲ್ಲಿ 1200 ಆರ್‌ಪಿಎಂನಲ್ಲಿ ಹೊರಟರೆ ಸುಮಾರು 11 ಕಿ.ಮೀ. ವೇಗದಲ್ಲಿ ಕ್ಲಚ್ ಕೂಡುತ್ತದೆ. ನಿಮ್ಮನ್ನೂ ಸೇರಿಸಿ 1400 ಕೆ.ಜಿ. ತೂಕ ಅಂದರೆ ಸುಮಾರು 6.5 ಕಿಲೋಜೂಲ್. ಅದೇ 4500 ಆರ್‌ಪಿಎಂ ಲಾಂಚ್ ಅಂದರೆ ಕೂಡುವುದು 40 ಕಿ.ಮೀ. ವೇಗದಲ್ಲಿ, ಬಿಸಿ 86 ಕಿಲೋಜೂಲ್ ದಾಟುತ್ತದೆ. ಹೆಚ್ಚುಕಡಿಮೆ ಹದಿಮೂರು ಹದಿನಾಲ್ಕು ಪಟ್ಟು, ಅದೂ ಒಂದೆರಡು ಸೆಕೆಂಡಿನೊಳಗೆ. ಲಾಂಚ್ ಆರ್‌ಪಿಎಂ 3500ಕ್ಕೆ ಇಳಿಸಿದರೆ ಬಿಸಿ ಶೇ 40ರಷ್ಟು ಕಡಿಮೆಯಾಗುತ್ತದೆ. ಇದಕ್ಕೆ ದುಡ್ಡು ಖರ್ಚಿಲ್ಲ, ಮೊದಲು ಇದನ್ನು ಮಾಡಿ. ಎರಡು ರನ್ನುಗಳ ನಡುವೆ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಸಾಲಿನಲ್ಲಿ ಕಾಯುವಾಗ ನ್ಯೂಟ್ರಲ್ಲಿಗೆ ಹಾಕಿ ಕಾಲು ತೆಗೆಯಿರಿ.

ಕೆವ್ಲಾರ್ (ಗಟ್ಟಿ ಕೃತಕ ನಾರಿನ ಲೈನಿಂಗ್) ಹಾಕಿಸಬಹುದಾ ಅಂತಲೂ ಕೇಳಿದ್ದೀರಿ. ಮೃದುವಾಗಿ ಹಿಡಿಯುತ್ತದೆ, ಸಿಟಿಯಲ್ಲಿ ಬಹಳ ವರ್ಷ ಬಾಳುತ್ತದೆ, ಆದರೆ ಒಮ್ಮೆ ಅತಿಯಾಗಿ ಕಾಯಿಸಿದರೆ ಮೈ ಗಾಜಿನಂತಾಗಿ ಹಿಡಿತ ಹೋಗುತ್ತದೆ, ಡ್ರ್ಯಾಗಿಗೆ ನಾನು ಒಪ್ಪುವುದಿಲ್ಲ. ಟ್ವಿನ್ ಪ್ಲೇಟ್ ಅದ್ಭುತ, ಉಜ್ಜುವ ಮೈಗಳು ನಾಲ್ಕಾಗುವುದರಿಂದ ಹಗುರ ಪೆಡಲಿನಲ್ಲೇ ದುಪ್ಪಟ್ಟು ಹಿಡಿಯುತ್ತದೆ. 280ಕ್ಕೆ ಅಷ್ಟು ಹಣ ಸುರಿಯುವ ಅಗತ್ಯವಿಲ್ಲ.

ನನ್ನ ಸಲಹೆ ಇಷ್ಟು. 228 ಮಿ.ಮೀ. ಅಳತೆಯ, ಶೇ 20 ಹೆಚ್ಚು ಒತ್ತುವ ಪ್ರೆಶರ್ ಪ್ಲೇಟ್, ಒಳ್ಳೆಯ ಆರ್ಗ್ಯಾನಿಕ್ ಲೈನಿಂಗಿನ ಪ್ಲೇಟ್, ಹಬ್‌ನಲ್ಲಿ ಸ್ಪ್ರಿಂಗ್ ಇರಲೇಬೇಕು. ಸ್ಕೋಡಾವೂ ಸೇರಿದ ಫೋಕ್ಸ್‌ವ್ಯಾಗನ್ ಬಳಗದ 1.8 ಟರ್ಬೋ ಇಟ್ಟುಕೊಂಡವರು ಬಹಳ ಕಾಲದಿಂದ ಮಾಡುತ್ತಿರುವ ಜೋಡಣೆ ಒಂದಿದೆ: ಅದೇ ಬಳಗದ ಹಳೇ ಜಿ60 ಎಂಜಿನ್ನಿನ ಸಿಂಗಲ್ ಮಾಸ್ (ಒಂದೇ ತುಂಡಿನ) ಫ್ಲೈವೀಲ್, ವಿಆರ್6 ಎಂಜಿನ್ನಿನ ಕ್ಲಚ್. ಅದೇ ಅಳತೆಯಲ್ಲಿ ಗಟ್ಟಿ ಪ್ರೆಶರ್ ಪ್ಲೇಟುಗಳೂ ಸಿಗುತ್ತವೆ. ನಿಮ್ಮಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನದು) ಇದ್ದು ಅದರಲ್ಲಿ ಆಟ ಬಂದಿದ್ದರೆ ಈ ದಾರಿ ಹಿಡಿಯಿರಿ. ಐಡ್ಲಿಂಗಿನಲ್ಲಿ ಗೇರ್‌ಬಾಕ್ಸ್ ಸ್ವಲ್ಪ ಕಟಕಟ ಅನ್ನುತ್ತದೆ, ಪೆಡಲ್ ಒತ್ತಿದರೆ ನಿಲ್ಲುತ್ತದೆ, ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಹಳೇ ಎರಕದ ಫ್ಲೈವೀಲನ್ನು ಹಗುರ ಮಾಡಲೆಂದು ಲೇತಿಗೆ ಕೊಟ್ಟು ಕೊರೆಸುವವರಿದ್ದಾರೆ. ದಯವಿಟ್ಟು ಅದು ಬೇಡ. 6000 ಆರ್‌ಪಿಎಂನಲ್ಲಿ ಅದು ಸಿಡಿದರೆ ನಿಮ್ಮ ಕಾಲಿನ ಹತ್ತಿರವೇ ಸಿಡಿಯುತ್ತದೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ, ಕಾಲು ಮೈಲಿಯನ್ನು 11.49 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರಿಗೆ ರೇಸಿಂಗ್ ಭಾಗಗಳ ಸುರಕ್ಷತೆಗೆ ಕೊಡುವ ಎಸ್‌ಎಫ್‌ಐ ಪ್ರಮಾಣಪತ್ರವಿರುವ ಫ್ಲೈವೀಲ್ ಮತ್ತು ಕ್ಲಚ್ ಕಡ್ಡಾಯ ಮಾಡಿರುವುದು ಇದೇ ಭಯಕ್ಕೆ.

ಹೊಸ ಕ್ಲಚ್ಚಿಗೆ ಆರ್ಡರ್ ಕೊಡುವ ಮೊದಲು ಒಂದನ್ನು ನೋಡಿಸಿ: ಕ್ರ್ಯಾಂಕಿನ ಹಿಂಭಾಗದ ಆಯಿಲ್ ಸೀಲ್ ಒಸರುತ್ತಿದೆಯಾ? ಇಷ್ಟು ಹಳೆಯ ಕಾರಿನಲ್ಲಿ ಕ್ಲಚ್ ಜಾರಲು ಬರೀ ಎಣ್ಣೆಯೇ ಕಾರಣ ಆಗಿರಬಹುದು. ಹಾಗಿದ್ದರೆ ಹೊಸದೂ ಎರಡು ತಿಂಗಳಲ್ಲಿ ಹಾಳಾಗುತ್ತದೆ. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಇಳಿಸಿದ ಮೇಲೆ ಸೀಲ್, ರಿಲೀಸ್ ಬೇರಿಂಗ್, ಸ್ಲೇವ್ ಸಿಲಿಂಡರ್ ಎಲ್ಲವನ್ನೂ ಹೊಸದು ಹಾಕಿಸಿ, ಕ್ಲಚ್ ಲೈನಿನ ಬ್ರೇಕ್ ಫ್ಲೂಯಿಡ್ ಬದಲಿಸಿ ಗಾಳಿ ತೆಗೆಸಿ. ಜೋಡಿಸಿದ ಮೇಲೆ 800 ಕಿ.ಮೀ. ಸಿಟಿಯಲ್ಲೇ ಮೆಲ್ಲಗೆ ಓಡಿಸಿ. ಮೈಸೂರಿಗೆ ಹೋಗಿ ಬಂದ ಹೈವೇ ಕಿಲೋಮೀಟರು ಲೆಕ್ಕಕ್ಕಿಲ್ಲ, ಅಲ್ಲಿ ಕ್ಲಚ್ ಬಳಸುವುದೇ ಅಪರೂಪ. ಲೈನಿಂಗ್ ಕೂರುವುದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದಾಗ. ಅಲ್ಲಿಯವರೆಗೆ ಲಾಂಚ್ ಬೇಡ, ಆಮೇಲೂ ರಸ್ತೆಯಲ್ಲಿ ಬೇಡ.

ಗೇರ್‌ಬಾಕ್ಸ್ ಇಳಿಸಿದ ದಿನ ಹಳೇ ಪ್ಲೇಟ್ ಮತ್ತು ಫ್ಲೈವೀಲ್ ಮೈಯ ಫೋಟೋ ತೆಗೆದು ಇಲ್ಲೇ ಹಾಕಿ. ನೀಲಿ ಕಲೆಗಳೂ ಕೂದಲೆಳೆ ಬಿರುಕುಗಳೂ ಇದ್ದರೆ ಬಿಸಿಯ ಕಥೆ, ಎಣ್ಣೆಯ ಕಂದು ಪಸೆ ಇದ್ದರೆ ಇನ್ನೊಂದು. ಎರಡರಲ್ಲಿ ಯಾವುದು ಅಂತ ನೋಡಿದ ಮೇಲೆ, ಫ್ಲೈವೀಲಿಗೆ ಬರೀ ಫೇಸಿಂಗ್ ಹೊಡೆಸಿದರೆ (ಮೈ ಸಮ ಮಾಡಿಸಿದರೆ) ಸಾಕಾ, ಬದಲಿಸಲೇಬೇಕಾ ಅಂತ ಹೇಳುತ್ತೇನೆ.